ಕಾಮಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕಲಿಯುವುದು: ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ

ಕಾಮಶೇತ್‌ಗೆ ಹೊರಡುವ ಮುನ್ನ ಒಂದು ಮಾತು ತಲೆಯಲ್ಲಿರಲಿ. ಮೊದಲ ಒಂದೆರಡು ದಿನ ನಿಮ್ಮ ಕಾಲು ನೆಲ ಬಿಡುವುದಿಲ್ಲ. ಬಯಲಲ್ಲಿ ನಿಂತು ರೆಕ್ಕೆಯನ್ನು (ಗಾಳಿ ತುಂಬಿ ನಮ್ಮನ್ನು ಹಾರಿಸುವ ಬಟ್ಟೆಯನ್ನು) ತಲೆಯ ಮೇಲೆ ಎಬ್ಬಿಸುವುದು, ಅಲ್ಲೇ ನಿಲ್ಲಿಸಿಕೊಳ್ಳುವುದು, ಮತ್ತೆ ಇಳಿಸುವುದು, ಇಷ್ಟೇ ಕೆಲಸ. ಹಾರಬೇಕೆಂದು ದುಡ್ಡು ಕಟ್ಟಿ ಬಂದವರಿಗೆ ಬೇಸರವಾಗುತ್ತದೆ. ಆದರೆ ಗುಡ್ಡದ ಅಂಚಿನಲ್ಲಿ ಎಡವಿ ಬೀಳುವವರು ಸಾಮಾನ್ಯವಾಗಿ ಈ ದಿನಗಳನ್ನು ಅವಸರದಲ್ಲಿ ದಾಟಿದವರೇ.

ನಮ್ಮ ಕಡೆಯಿಂದ ಕಾಮಶೇತ್ ದೂರವೇನಲ್ಲ. ಸೊಲ್ಲಾಪುರದಿಂದ ರೈಲಿನಲ್ಲಿ ಪುಣೆಗೆ ಸುಮಾರು 260 ಕಿ.ಮೀ. ಅಲ್ಲಿ ಲೋಣಾವಳಾ ಲೋಕಲ್ ಹತ್ತಿದರೆ ಕಾಮಶೇತ್ ನಿಲ್ದಾಣದಲ್ಲೇ ಇಳಿಯಬಹುದು. ಜತ್ತ, ಗಡಹಿಂಗ್ಲಜ ಕಡೆಯವರಿಗೆ ಪಂಚಗಣಿ ಹತ್ತಿರವಾದರೂ ಅದು ಎತ್ತರದ ಜಾಗ, ಅಂಚು ದಾಟಿದೊಡನೆ ಆಳವಾದ ಕಣಿವೆ. ಮೊದಲ ಪಾಠಕ್ಕೆ ಕಾಮಶೇತ್ ಇರುವ ಮಾವಳ ತಾಲೂಕಿನ ಹುಲ್ಲುಗುಡ್ಡಗಳೇ ವಾಸಿ. ಇಲ್ಲಿ ಇಳಿಜಾರು ಮೆತ್ತಗಿದೆ, ಕೆಳಗೆ ಇಳಿಯಲು ಗದ್ದೆಬಯಲಿದೆ, ತಪ್ಪಿದರೆ ರೆಕ್ಕೆ ಹೊತ್ತು ಮತ್ತೆ ಮೇಲೆ ನಡೆದುಬಂದು ಇನ್ನೊಮ್ಮೆ ಪ್ರಯತ್ನಿಸಬಹುದು. ಹಿಮಾಚಲದ ಬಿಲ್ಲಿಂಗ್‌ನಲ್ಲಿ ಟೇಕಾಫ್ ಜಾಗವೇ ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕಲಿಕೆಯ ಮೊದಲ ತಪ್ಪಿಗೆ ಜಾಗವಿಲ್ಲ.

ಯಾವಾಗ ಹೋಗಬೇಕು

ಚಿತ್ತಾ ಮಳೆ ಕಳೆದ ಮೇಲೆ, ಅಂದರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹೊಸಬರಿಗೆ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲಿ ಗದ್ದೆಗಳಲ್ಲಿ ಭತ್ತ ಇನ್ನೂ ನಿಂತಿರಬಹುದು. ನಿಂತ ಬೆಳೆಯಲ್ಲಿ ಇಳಿಯಬಾರದು. ತುಳಿದ ಪೈರು ಮತ್ತೆ ಏಳುವುದಿಲ್ಲ ಎಂಬುದನ್ನು ಒಕ್ಕಲುತನದ ಮನೆಯವರಿಗೆ ಹೇಳಬೇಕಾಗಿಲ್ಲ. ಕೊಯ್ಲಾದ ಮೇಲೆ ಇಳಿಯುವ ಬಯಲು ವಿಶಾಲವಾಗುತ್ತದೆ.

ಮಾರ್ಚ್‌ನಿಂದ ಮೇವರೆಗೂ ಹಾರಾಟ ನಡೆಯುತ್ತದೆ, ಆದರೆ ಹೊಸಬರಿಗೆ ಬೆಳಗಿನ ಮತ್ತು ಸಂಜೆಯ ಹೊತ್ತು ಮಾತ್ರ. ಬಿಸಿಲಿಗೆ ಕಾದ ನೆಲದಿಂದ ಬಿಸಿಗಾಳಿಯ ಗುಳ್ಳೆಗಳು ಮೇಲೇಳುತ್ತವೆ. ಪೈಲಟ್‌ಗಳ ಬಾಯಲ್ಲಿ ಇದು ಥರ್ಮಲ್. ಬೇಸಿಗೆಯ ಮಧ್ಯಾಹ್ನ ನಮ್ಮ ಎರೆಹೊಲಗಳಲ್ಲಿ ಕಸಕಡ್ಡಿ ಎತ್ತಿಕೊಂಡು ಓಡುವ ಸುಂಟರಗಾಳಿ ನೋಡಿದ್ದೀರಲ್ಲ, ಅದು ಕಣ್ಣಿಗೆ ಕಾಣುವ ಥರ್ಮಲ್. ಅದರ ಅಂಚಿನಲ್ಲಿ ಒಂದು ಕಡೆ ಗಾಳಿ ಏಳುತ್ತದೆ, ಪಕ್ಕದಲ್ಲೇ ಇಳಿಯುತ್ತದೆ. ಅನುಭವಿಗಳು ಅದರ ಮೇಲೇರಿ ಗಂಟೆಗಟ್ಟಲೆ ಹದ್ದಿನಂತೆ ಸುತ್ತುತ್ತಾರೆ. ಹೊಸಬರ ರೆಕ್ಕೆ ಅದರಲ್ಲಿ ಮಡಚಿಕೊಳ್ಳುತ್ತದೆ. ಭರಣಿ, ಕೃತ್ತಿಕೆಯ ಗುಡುಗುಮಳೆ ಶುರುವಾದ ಮೇಲೆ ಇನ್ನೂ ಎಚ್ಚರ ಬೇಕು. ಮೋಡ 20 ಕಿ.ಮೀ. ದೂರದಲ್ಲಿದ್ದರೂ ಅದರ ಬುಡದಿಂದ ಹೊರಡುವ ತಂಪುಗಾಳಿ ನಿಮ್ಮ ಗುಡ್ಡಕ್ಕೆ ಬಿರುಸಾಗಿ ಅಪ್ಪಳಿಸಬಹುದು. ಗುಡುಗು ಕೇಳಿಸಿತೆಂದರೆ ಆ ಹೊತ್ತಿನ ಪಾಠ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾವಳದ ಮಳೆ ಯಾರನ್ನೂ ಹಾರಗೊಡುವುದಿಲ್ಲ.

ಸಲಕರಣೆ

ಕಲಿಯುವವರಿಗೆ ಶಾಲೆಯೇ ಸಲಕರಣೆ ಕೊಡುತ್ತದೆ. ಆದರೂ ಏನು ಕೊಟ್ಟಿದ್ದಾರೆ ಎಂದು ನೋಡಿ ಕೇಳುವ ಹಕ್ಕು ನಿಮಗಿದೆ. ರೆಕ್ಕೆಗಳಿಗೆ ಯುರೋಪಿನ ಪರೀಕ್ಷೆಯಂತೆ ಇಎನ್-ಎ, ಬಿ, ಸಿ, ಡಿ ಎಂಬ ದರ್ಜೆಗಳಿವೆ. ನಿಮಗೆ ಬೇಕಾದ್ದು ಇಎನ್-ಎ. ಅದು ಮಡಚಿಕೊಂಡರೂ ಬಹುಮಟ್ಟಿಗೆ ತಾನೇ ಬಿಚ್ಚಿಕೊಳ್ಳುತ್ತದೆ. ದರ್ಜೆಯಷ್ಟೇ ಮುಖ್ಯವಾದದ್ದು ತೂಕದ ಲೆಕ್ಕ. ರೆಕ್ಕೆಯ ಚೀಟಿಯ ಮೇಲೆ 75–95 ಕಿಲೊ ಎಂದಿದ್ದರೆ ಅದು ನಿಮ್ಮೊಬ್ಬರ ಮೈತೂಕವಲ್ಲ; ನೀವು, ಬಟ್ಟೆ, ಬೂಟು, ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಪಟ್ಟಿಗಳಿರುವ ಸೀಟು), ರೆಕ್ಕೆ, ರಿಸರ್ವ್ ಪ್ಯಾರಾಶೂಟ್ ಎಲ್ಲ ಸೇರಿದ ತೂಕ. ನೀವು 68 ಕಿಲೊ ಇದ್ದು ಸಾಮಾನು 15 ಕಿಲೊ ಆದರೆ ಒಟ್ಟು 83, ನಡುವಿನ ತೂಕ, ಸರಿಯಾಯಿತು. ತೂಕ ಕಡಿಮೆಯಾದರೆ ಲೈನುಗಳಲ್ಲಿ (ರೆಕ್ಕೆಯಿಂದ ಇಳಿಬಿದ್ದ ತೆಳು ಹಗ್ಗಗಳಲ್ಲಿ) ಬಿಗಿ ಸಾಲದೆ ರೆಕ್ಕೆ ಬೇಗ ಮಡಚುತ್ತದೆ. ಹೆಚ್ಚಾದರೆ ವೇಗ ಏರಿ, ತಿರುವು ಚುರುಕಾಗಿ, ಇಳಿಯುವಾಗ ಕಾಲಿಗೆ ಪೆಟ್ಟು.

ಭುಜದಿಂದ ಮೇಲಕ್ಕೆ ಹೋಗುವ ಪಟ್ಟಿಗಳು ರೈಸರ್‌ಗಳು. ಮುಂದಿನದು ಎ, ಅದರ ಹಿಂದೆ ಬಿ, ಸಿ. ಎ ಎಳೆದರೆ ರೆಕ್ಕೆಯ ಮುಂಗಡೆ ಮೇಲೇಳುತ್ತದೆ. ಹಿಂಗಡೆಯ ಅಂಚಿಗೆ ಕಟ್ಟಿದ ಲೈನುಗಳು ಎರಡು ಹಿಡಿಗಳಿಗೆ ಬಂದು ಸೇರುತ್ತವೆ, ಅವೇ ಬ್ರೇಕ್. ನಿಮ್ಮ ಕಡೆಯಿಂದ ತರಬೇಕಾದದ್ದು ಕಣಕಾಲು ಮುಚ್ಚುವ, ಕೊಕ್ಕೆಯಿಲ್ಲದ ಬೂಟು. ಲೇಸಿನ ಲೋಹದ ಕೊಕ್ಕೆಗೆ ತೆಳು ಲೈನು ಸಿಕ್ಕಿಕೊಳ್ಳುತ್ತದೆ. ಇದ್ದೇ ಇದ್ದರೆ ಮೇಲೆ ಟೇಪ್ ಸುತ್ತಿ. ಪೂರ್ತಿ ತೋಳಿನ ಅಂಗಿ, ಎರಡು ಲೀಟರ್ ನೀರು.

ಗಾಳಿ ಓದುವುದು

ಕಣದಲ್ಲಿ ಜೋಳ ತೂರಿದವರಿಗೆ ಈ ಪಾಠ ಅರ್ಧ ಬಂದಂತೆಯೇ. ಕಾಳು ಕಾಲ ಬಳಿ ಬಿದ್ದು ಹೊಟ್ಟು ಒಂದೇ ಹದದಲ್ಲಿ ಒಂದೇ ದಿಕ್ಕಿಗೆ ಸರಿಯುವ ಗಾಳಿಯೇ ನಮಗೂ ಬೇಕಾದದ್ದು. ಹೊಟ್ಟು ಒಮ್ಮೆ ಈಚೆ, ಒಮ್ಮೆ ಆಚೆ ಹಾರಿ ಮುಖಕ್ಕೆ ಬಂದರೆ ತೂರುವವರು ಮೊರ ಕೆಳಗಿಟ್ಟು ಕಾಯುತ್ತಾರಲ್ಲ, ಇಲ್ಲಿಯೂ ಹಾಗೆಯೇ ಕಾಯಬೇಕು. "ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯನ್ನು ಅವಸರದ ಗಾದೆಯೆಂದು ಬಗೆಯುತ್ತೇವೆ. ಕಣದಲ್ಲಿ ಅದರ ಹೆಚ್ಚಿನ ಭಾಗ ಕಾಯುವುದೇ.

ಲೆಕ್ಕಕ್ಕೆ ಬಂದರೆ, ಗಂಟೆಗೆ 12 ಕಿ.ಮೀ. ಒಳಗಿನ ಗಾಳಿಯಲ್ಲಿ ಮುಂದಕ್ಕೆ ಓಡಿ ಏಳುವ ಟೇಕಾಫ್. 12ರಿಂದ 20ರವರೆಗೆ ರೆಕ್ಕೆಗೆ ಮುಖಮಾಡಿ ಎಬ್ಬಿಸಿ, ತಿರುಗಿ ಹೊರಡುವ ರಿವರ್ಸ್ ಟೇಕಾಫ್. 20 ದಾಟಿದರೆ ಹೊಸಬರು ರೆಕ್ಕೆ ಬಿಚ್ಚುವುದೇ ಬೇಡ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಎಳೆತ ನಾಲ್ಕು ಪಟ್ಟಾಗುತ್ತದೆ. 12ರಲ್ಲಿ ಮಗುವಿನಂತೆ ಕೈ ಹಿಡಿದು ನಡೆಯುವ ರೆಕ್ಕೆ 24ರಲ್ಲಿ ಹೋರಿಯಂತೆ ಎಳೆದೊಯ್ಯುತ್ತದೆ. ಅಳೆಯುವ ಯಂತ್ರ ಕೈಯಲ್ಲಿಲ್ಲದಿದ್ದರೆ ಕಣ್ಣಿನ ಅಳತೆ ಹೀಗೆ: ಎಲೆಗಳು ಬಿಡದೆ ಅಲುಗುತ್ತ ಗುಡಿಯ ಪತಾಕೆ ಬಿಚ್ಚಿ ನಿಂತರೆ 12ರಿಂದ 19, ದಾರಿಯ ಧೂಳೆದ್ದು ಸಣ್ಣ ಕೊಂಬೆಗಳು ತೂಗತೊಡಗಿದರೆ 20 ಮೀರಿದೆ. ಸರಾಸರಿ ವೇಗಕ್ಕಿಂತ ಏರಿಳಿತ ನೋಡಿ. 15ರ ಹದಗಾಳಿ ಒಳ್ಳೆಯದು. 8ರಿಂದ 20ಕ್ಕೆ ಹಾರುತ್ತಿರುವ ಗಾಳಿಯ ಸರಾಸರಿಯೂ 15ರ ಸುತ್ತ ಬರಬಹುದು, ಆದರೆ ಅದು ಅಪಾಯ. ಟೇಕಾಫ್‌ನಲ್ಲಿ ಕನಿಷ್ಠ ಹತ್ತು ನಿಮಿಷ ಕುಳಿತು, ಗಾಳಿ ತೋರಿಸಲು ಕಟ್ಟಿದ ರಿಬ್ಬನ್ ನೋಡಿ.

ದಿಕ್ಕೂ ಮುಖ್ಯ. ಗಾಳಿ ಇಳಿಜಾರನ್ನು ನೇರ ಎದುರಿನಿಂದ ಹತ್ತಿ ಬರಬೇಕು. ಗುಡ್ಡದ ಬೆನ್ನಿನಿಂದ ಬಂದರೆ ಕಲ್ಲಿನ ಹಿಂದೆ ಹೊಳೆನೀರು ಸುಳಿಯುವಂತೆ ಸುಳಿಯುತ್ತದೆ, ಇದು ರೋಟರ್. ಅದೇ ಕಾರಣಕ್ಕೆ ಒಂದೇ ದಿನ ಬೆಳಿಗ್ಗೆ ಒಂದು ಗುಡ್ಡ, ಸಂಜೆ ಇನ್ನೊಂದು ಗುಡ್ಡಕ್ಕೆ ಕರೆದೊಯ್ಯುತ್ತಾರೆ.

ನೆಲದ ಮೇಲಿನ ಅಭ್ಯಾಸ

ರೆಕ್ಕೆಯನ್ನು ಕುದುರೆಲಾಳದಂತೆ ಬಾಗಿಸಿ ಹರಡಿ, ನಡುಭಾಗ ಗಾಳಿ ಬರುವ ಕಡೆಯಿಂದ ಹೆಚ್ಚು ದೂರವಿರಲಿ. ಹಾಗಿದ್ದರೆ ನಡು ಮೊದಲು ತುಂಬಿ ರೆಕ್ಕೆ ನೇರ ಏಳುತ್ತದೆ. ಎ ರೈಸರ್‌ಗಳನ್ನು ಕೈಯಲ್ಲಿ ಹಿಡಿದರೂ ಎಬ್ಬಿಸುವ ಬಲ ಬರಬೇಕಾದ್ದು ಎದೆ ಮತ್ತು ಸೊಂಟದಿಂದ, ನೊಗಕ್ಕೆ ಹೆಗಲು ಕೊಟ್ಟಂತೆ. ಕೈಯಿಂದ ಜಗ್ಗಿದವರ ರೆಕ್ಕೆಯ ಮುಂಗಡೆ ಮಡಚಿ ಮುಗ್ಗರಿಸುತ್ತದೆ. ರೆಕ್ಕೆ ತಲೆಯ ಮೇಲೆ ಬರುತ್ತಿದ್ದಂತೆ ಎ ಬಿಡಿ, ಬ್ರೇಕನ್ನು ಮೃದುವಾಗಿ ಒತ್ತಿ ನಿಲ್ಲಿಸಿ. ಎ ಬಿಡಲು ತಡಮಾಡುವುದು ಎಲ್ಲ ಹೊಸಬರ ತಪ್ಪು.

ರೆಕ್ಕೆ ಎಡಕ್ಕೆ ವಾಲಿದರೆ ನೀವೂ ಎಡಕ್ಕೇ ಸರಿದು ಅದರ ಕೆಳಗೆ ಹೋಗಿ, ಎತ್ತರದಲ್ಲಿರುವ ಬಲಗಡೆಗೆ ಬ್ರೇಕ್ ಕೊಡಿ. ಮನಸ್ಸು ಮಾತ್ರ ಇದಕ್ಕೆ ವಿರುದ್ಧ ಹೇಳುತ್ತದೆ: ನೀನು ಬಲಕ್ಕೆ ಸರಿದು ರೆಕ್ಕೆಯನ್ನು ಜಗ್ಗಿ ಸರಿಪಡಿಸು ಎಂದು. ಜಗ್ಗಿದಷ್ಟೂ ಅದು ಬೀಳುತ್ತದೆ. ಈ ಒಂದು ಹೆಜ್ಜೆ ಯೋಚಿಸದೆ ಬರುವವರೆಗೆ ಬಯಲು ಬಿಡಬೇಡಿ. ಗಾಳಿ ಎಳೆದುಕೊಂಡು ಹೋಗತೊಡಗಿದರೆ ಹಿಂದಕ್ಕೆ ಒರಗಿ ನಿಲ್ಲಲು ಹೋಗದೆ, ಹಿಂದಿನ ಸಿ ರೈಸರ್‌ಗಳನ್ನು ಪೂರ್ತಿ ಜಗ್ಗಿ ರೆಕ್ಕೆಯ ಕಡೆಗೇ ಓಡಿ. ಲೈನು ಸಡಿಲವಾದೊಡನೆ ಅದು ಸಾಯುತ್ತದೆ.

ಗುಡ್ಡದಿಂದ

ಹಾರ್ನೆಸ್ ಹಾಕುವಾಗ ಮೊದಲು ಕಾಲಪಟ್ಟಿ, ಆಮೇಲೆ ಎದೆಪಟ್ಟಿ. ಬಿಚ್ಚುವಾಗ ಕಾಲಪಟ್ಟಿ ಕೊನೆಗೆ. ಕಾಲಪಟ್ಟಿ ಮರೆತು ಹಾರಿದವರು ಸೀಟಿನಿಂದ ಜಾರಿ ತೋಳಿನ ಮೇಲೆ ನೇತಾಡುತ್ತಾರೆ. ಅನುಭವಿ ಪೈಲಟ್‌ಗಳೂ ಹೀಗೆ ಸತ್ತಿದ್ದಾರೆ. ಹಾಗಾಗಿ ಪ್ರತಿ ಬಾರಿ ಕೈಯಿಂದ ಮುಟ್ಟಿ ನೋಡಿ: ಹೆಲ್ಮೆಟ್ಟಿನ ಗುಂಡಿ, ಎರಡು ಕಾಲಪಟ್ಟಿ, ಎದೆಪಟ್ಟಿ, ಎರಡು ಕ್ಯಾರಬೈನರ್ (ರೈಸರನ್ನು ಹಾರ್ನೆಸ್‌ಗೆ ಸೇರಿಸುವ ಲೋಹದ ಕೊಂಡಿ), ರಿಸರ್ವ್‌ನ ಪಿನ್ನು. ಆಮೇಲೆ ಲೈನುಗಳಲ್ಲಿ ಗಂಟು, ಕಡ್ಡಿ ಇದೆಯೇ, ಗಾಳಿ ಸರಿಯಿದೆಯೇ, ಮುಂದೆ ಆಕಾಶ ಖಾಲಿಯೇ. ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಶುರುಮಾಡಿ.

ಓಡುವಾಗ ಎದೆ ಮುಂದೆ ಬಾಗಿರಲಿ, ಕೈ ಮೇಲಿರಲಿ. ರೆಕ್ಕೆ ತಲೆಯ ಮೇಲೆ ಬಂದಾಗ ಒಮ್ಮೆ ಕಣ್ಣೆತ್ತಿ ನೋಡಿ. ಪೂರ್ತಿ ತೆರೆದಿದೆಯೆಂದರೆ ಮುಂದುವರಿಯಿರಿ, ಇಲ್ಲವಾದರೆ ಅಲ್ಲೇ ನಿಲ್ಲಿಸಿ. ಕಾಲು ಹಗುರಾಯಿತೆಂದು ಸೀಟಿಗೆ ಜಿಗಿದು ಕೂರುವುದು ದೊಡ್ಡ ತಪ್ಪು. ನಿಮ್ಮ ಭಾರ ಆ ಕ್ಷಣಕ್ಕೆ ರೆಕ್ಕೆಯಿಂದ ಕಳಚಿ, ಅದು ಕುಸಿದು, ನೀವು ಮತ್ತೆ ಇಳಿಜಾರಿಗೆ ತಾಗುತ್ತೀರಿ, ಈಗ ಕಾಲಿನ ಬದಲು ಸೊಂಟದ ಮೇಲೆ. ಗಾಳಿಯಲ್ಲೂ ಹತ್ತು ಹೆಜ್ಜೆ ಓಡುತ್ತಲೇ ಇರಿ.

ಮೊದಲ ಹಾರಾಟಗಳು ಚಿಕ್ಕವು. ನಿಂತ ಗಾಳಿಯಲ್ಲಿ ಇಎನ್-ಎ ರೆಕ್ಕೆ ಗಂಟೆಗೆ ಸುಮಾರು 36 ಕಿ.ಮೀ. ವೇಗದಲ್ಲಿ ಸಾಗುತ್ತ ಪ್ರತಿ 8 ಮೀಟರಿಗೆ 1 ಮೀಟರ್ ಇಳಿಯುತ್ತದೆ. ನೂರು ಮೀಟರ್ ಗುಡ್ಡದಿಂದ 800 ಮೀಟರ್ ದೂರ, 80 ಸೆಕೆಂಡು. ಎದುರುಗಾಳಿ 18 ಇದ್ದರೆ ಅದೇ ಹಾರಾಟ 400 ಮೀಟರಿಗೇ ಮುಗಿಯುತ್ತದೆ, ಇಳಿಯುವ ಗದ್ದೆಯನ್ನು ಈ ಲೆಕ್ಕ ಹಾಕಿಯೇ ಆರಿಸಬೇಕು.

ರೇಡಿಯೊದಲ್ಲಿ ಬರುವ ಸೂಚನೆ ಮರಾಠಿಯೋ ಹಿಂದಿಯೋ ಇಂಗ್ಲಿಷೋ ಎಂದು ನೆಲದ ಮೇಲೇ ಗೊತ್ತುಮಾಡಿಕೊಳ್ಳಿ. ನಮ್ಮವರಿಗೆ ಮರಾಠಿ ಮನೆಯ ಪಕ್ಕದ ಭಾಷೆ, ನಿಜ. ಆದರೆ ನೆಲ ಹತ್ತಿರವಾದಾಗ "ಉಜವಾ" ಎಂಬುದು ಬಲವೆಂದು ತಲೆಯಲ್ಲಿ ತಿರುಗಿಸಿಕೊಳ್ಳಲು ಬೇಕಾದ ಒಂದು ಸೆಕೆಂಡಿನಲ್ಲಿ ನೀವು 10 ಮೀಟರ್ ಸಾಗಿರುತ್ತೀರಿ.

ತಿರುಗುವಾಗ ಮೊದಲು ಆ ಕಡೆ ನೋಡಿ, ಮೈಭಾರ ಆ ಕಡೆ ಹಾಕಿ, ಆಮೇಲೆ ಬ್ರೇಕ್. ತಿರುವು ಯಾವಾಗಲೂ ಗುಡ್ಡದಿಂದ ಹೊರಕ್ಕೆ. ಗುಡ್ಡದ ಅಂಚಿನಲ್ಲಿ ಎದುರುಬದುರಾದರೆ ಗುಡ್ಡ ಯಾರ ಬಲಕ್ಕಿದೆಯೋ ಅವರಿಗೆ ದಾರಿ. ಎಡಕ್ಕಿದ್ದವರು ಹೊರಗೆ ಸರಿಯಬೇಕು. ರೆಕ್ಕೆಯ ಒಂದು ಬದಿ ಮಡಚಿದರೆ ತೆರೆದ ಬದಿಗೆ ಭಾರ ಹಾಕಿ, ಅದೇ ಬದಿಗೆ ತುಸು ಬ್ರೇಕ್ ಕೊಟ್ಟು ನೇರ ಸಾಗಿ. ಬಿಚ್ಚಿಸುವುದು ಆಮೇಲಿನ ಮಾತು. ಗಾಬರಿಯಲ್ಲಿ ಎರಡೂ ಬ್ರೇಕ್ ಪೂರ್ತಿ ಎಳೆದರೆ ರೆಕ್ಕೆ ಸ್ಟಾಲ್ ಆಗಿ ಹಾರುವುದನ್ನೇ ನಿಲ್ಲಿಸುತ್ತದೆ.

ಇಳಿಯುವುದು

ಗಾಳಿಗೆ ಎದುರಾಗಿಯೇ ಇಳಿಯಬೇಕು. ಮರ, ಮನೆಗಳ ಹಿಂದೆ ಅವುಗಳ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಗಾಳಿ ಕದಡಿರುತ್ತದೆ. 10 ಮೀಟರ್ ಮರವಿದ್ದರೆ ಅದರಿಂದ 80 ಮೀಟರ್ ಆಚೆ ಜಾಗ ನೋಡಿ. ಪಂಪ್‌ಸೆಟ್ಟಿನ ತಂತಿ ಮೇಲಿನಿಂದ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆಯೆಂದೇ ತಿಳಿಯಿರಿ. ಪವನಾ ಜಲಾಶಯದ ಕಡೆ ಹಾರುವವರು ನೀರಿನಿಂದ ದೂರವಿರಬೇಕು. ಹಾರ್ನೆಸ್‌ನ ಬೆನ್ನಿನ ಸ್ಪಂಜು ತೇಲಿ ಮುಖವನ್ನು ನೀರೊಳಗೆ ಒತ್ತುತ್ತದೆ.

ಕೊನೆಯ 15 ಮೀಟರಿನಲ್ಲಿ ತಿರುವು ಬೇಡ. ಸೀಟಿನಿಂದ ಕಾಲಿಳಿಸಿ ನಿಂತ ಭಂಗಿಗೆ ಬನ್ನಿ, ಕೈ ಮೇಲಿಟ್ಟು ಪೂರ್ತಿ ವೇಗ ಬಿಡಿ. ಕಾಲು ನೆಲದಿಂದ ಸೊಂಟದೆತ್ತರ ಇರುವಾಗ ಎರಡೂ ಬ್ರೇಕುಗಳನ್ನು ಒಟ್ಟಿಗೆ ಕೆಳಗಿನವರೆಗೆ ಎಳೆಯಿರಿ. ಇದೇ ಫ್ಲೇರ್. ಎರಡಾಳೆತ್ತರದಲ್ಲೇ ಎಳೆದರೆ ರೆಕ್ಕೆ ಹಿಂದೆ ಬಿದ್ದು ನೀವು ಕಲ್ಲಿನಂತೆ ಇಳಿಯುತ್ತೀರಿ. ಆ ತಪ್ಪಾಯಿತೆಂದು ತಿಳಿದರೆ ಕೈ ಸರಕ್ಕನೆ ಮೇಲೆ ಬಿಡಬೇಡಿ, ರೆಕ್ಕೆ ಮುಂದಕ್ಕೆ ನುಗ್ಗುತ್ತದೆ; ಕೈ ಅಲ್ಲೇ ಹಿಡಿದು, ಕಾಲು ಜೋಡಿಸಿ ಉರುಳಿ.

ಊರಿಗೆ ಮರಳಿದ ಮೇಲೆ

ಪಿ1, ಅಂದರೆ ಕಲಿಕೆಯ ಮೊದಲ ಹಂತ, ಮುಗಿಸಿದವರು ಗುರುವಿನ ಕಣ್ಣೆದುರು ಮಾತ್ರ ಹಾರಬಲ್ಲವರು. ಮುಂದಿನ ಹಂತವಾದ ಪಿ2ಕ್ಕೆ ಹೋಗುವ ನಡುವೆ ಊರಲ್ಲಿ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ನೆಲದ ಅಭ್ಯಾಸ. ಜೋಳ ಕೊಯ್ದ ಹೊಲ ಇದಕ್ಕೆ ಒಳ್ಳೆಯದಲ್ಲ. ಕೂಳೆಗಳು ಲೈನನ್ನು ಸವೆಸುತ್ತವೆ, ಬೇಸಿಗೆಯ ಎರೆಮಣ್ಣಿನ ಬಿರುಕಿಗೆ ಕಾಲು ಸಿಕ್ಕರೆ ಕಣಕಾಲು ಉಳುಕುತ್ತದೆ. ತಂತಿಯಿಲ್ಲದ, ಹುಲ್ಲಿರುವ ಶಾಲೆಯ ಮೈದಾನ ಹುಡುಕಿ. ಹೆಲ್ಮೆಟ್ ಹಾಕಿ, ಸಂಜೆಯ ತಣ್ಣನೆ ಗಾಳಿಯಲ್ಲಿ, ಜೊತೆಗೊಬ್ಬರಿರುವಾಗ ಮಾತ್ರ. ಮುಗಿದೊಡನೆ ರೆಕ್ಕೆ ಮಡಿಸಿಡಿ, ಬಿಸಿಲಿಗೆ ಬಟ್ಟೆಯ ಲೇಪ ಸವೆದು ಗಾಳಿ ಸೋರತೊಡಗುತ್ತದೆ. ಒದ್ದೆಯಾಗಿದ್ದರೆ ನೆರಳಲ್ಲಿ ಒಣಗಿಸಿ. ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಆ ಶಾಖಕ್ಕೆ ಲೈನುಗಳ ಉದ್ದವೇ ಬದಲಾಗಬಹುದು.

ಜೀಪಿಗೋ ಬೈಕಿಗೋ ಹಗ್ಗ ಕಟ್ಟಿ ಏಳುವ ಪ್ರಯತ್ನ ಮಾತ್ರ ಎಂದೂ ಬೇಡ. ವಿಂಚ್‌ನಲ್ಲಿ (ಹಗ್ಗ ಸುತ್ತಿ ಎಳೆಯುವ ಯಂತ್ರದಲ್ಲಿ) ಎಳೆತವನ್ನು ಹದದಲ್ಲಿಡುವ ಏರ್ಪಾಡಿರುತ್ತದೆ, ಕಲಿತವರು ಅದನ್ನು ನಡೆಸುತ್ತಾರೆ. ಬರಿ ಹಗ್ಗದಲ್ಲಿ ರೆಕ್ಕೆ ಒಂದು ಬದಿಗೆ ವಾಲಿದರೆ ಎಳೆತ ಅದನ್ನು ಇನ್ನಷ್ಟು ವಾಲಿಸಿ ನೆಲಕ್ಕೆ ಬಡಿಯುತ್ತದೆ. ಮುಂದೆ ನೋಡಿಕೊಂಡು ಗಾಡಿ ಓಡಿಸುವವರಿಗೆ ಅದು ಕಾಣುವುದೂ ಇಲ್ಲ.