ಪುಟ್ಟ ಬೊಂಬೆಗೆ ಬಿಳಿ ತೈಲವರ್ಣ: ಕಾರವಾರದ ಹವೆಯಲ್ಲಿ ನನ್ನ ಅನುಭವ

ಬಿಳಿ ಟ್ಯೂಬು ಕೊಳ್ಳುವಾಗ ನಾನು ಮೊದಲು ಹಿಂಬದಿಯ ಸಣ್ಣಕ್ಷರ ಓದುತ್ತೇನೆ. ವರ್ಣದ್ರವ್ಯ ಯಾವುದು, ಅದನ್ನು ಅರೆದ ಎಣ್ಣೆ ಯಾವುದು ಎಂಬುದು ಅಲ್ಲಿ ಸಿಗಬೇಕು. ಬಿಳಿ ವರ್ಣದ್ರವ್ಯಗಳ ಸಂಕೇತ ಪಿಡಬ್ಲ್ಯೂ: ಪಿಡಬ್ಲ್ಯೂ 6 ಅಂದರೆ ಟೈಟಾನಿಯಂ, ಪಿಡಬ್ಲ್ಯೂ 4 ಸತು, ಪಿಡಬ್ಲ್ಯೂ 1 ಸೀಸ. ಸೀಸ ವಿಷ, ಬೊಂಬೆಯ ಕೆಲಸದಲ್ಲಿ ಉಜ್ಜುವುದು, ಕೆರೆಯುವುದು ಇದ್ದೇ ಇರುತ್ತದೆ, ಹಾಗಾಗಿ ಮನೆಗೇ ತರುವುದಿಲ್ಲ.

ಕರಾವಳಿಯಲ್ಲಿ ಎಣ್ಣೆಯ ಆಯ್ಕೆಗೇ ತೂಕ ಹೆಚ್ಚು. ಅಗಸೆ ಎಣ್ಣೆಯ ಬಿಳಿ ಬೇಗ ಒಣಗಿ ಗಟ್ಟಿ ಪದರವಾಗುತ್ತದೆ, ಆದರೆ ಕತ್ತಲಲ್ಲಿ ಹಳದಿ ತಿರುಗುತ್ತದೆ. ಮಳೆಗಾಲದಲ್ಲಿ ಬೊಂಬೆಗಳನ್ನು ಕಪಾಟಿನೊಳಗೆ ಮುಚ್ಚಿಡುವ ನಮಗೆ ಇದು ನೇರ ಪೆಟ್ಟು. ಹಳದಿ ಕಂಡರೆ ಕಿಟಕಿಯ ಬೆಳಕಿಗೆ ಇಡಿ, ಬಹುಪಾಲು ತಿಳಿಯಾಗುತ್ತದೆ. ಕುಸುಬೆ ಅಥವಾ ಗಸಗಸೆ ಎಣ್ಣೆಯ ಬಿಳಿ ಅಷ್ಟು ಹಳದಿಯಾಗದು, ಒಣಗಲು ಮಾತ್ರ ನಿಧಾನ. ಬೆಳಕು ಬೀಳುವೆಡೆ ಕೊಡುವ ಕೊನೆಯ ಹೊಳಪಿಗೆ, ಕಣ್ಣಿನ ಬಿಳಿಗೆ ನಾನು ಕುಸುಬೆಯದನ್ನೇ ಬಳಸುತ್ತೇನೆ. ತಳದ ಮಿಶ್ರಣಕ್ಕೆ ಅಗಸೆಯದು ಸಾಕು.

ಟೈಟಾನಿಯಂ ಮುಚ್ಚುವ ಶಕ್ತಿಯಲ್ಲಿ ಮುಂದು. ಆದರೆ ಬೇರೆ ಬಣ್ಣವನ್ನು ನುಂಗಿ ಸುಣ್ಣದಂತೆ ಮಂಕು ಮಾಡುತ್ತದೆ. ಬೆರೆಸುವಾಗ ಸೂಜಿ ಮೊನೆಯಷ್ಟು ಸೇರಿಸುತ್ತ ಹೋಗಬೇಕು. ಸತುವಿನ ಬಿಳಿ ಅರೆಪಾರದರ್ಶಕ, ತುಸು ತಂಪು ಛಾಯೆ. ತೆಳು ಶಲ್ಯದ ಮೇಲೆ ಹಾಯಿಸಲು ಚೆಂದ. ಅದರ ಪದರ ಪೆಡಸು, ಬಿರುಕು ಬಿಡುತ್ತದೆ. ಆದ್ದರಿಂದ ತಳಕ್ಕೆ ಬೇಡ, ದಪ್ಪವಾಗಿ ಎಲ್ಲಿಯೂ ಬೇಡ.

54 ಮಿ.ಮೀ. ಬೊಂಬೆಯ ಪಂಚೆಗೆ ನನ್ನ ಕ್ರಮ ಇದು. ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಅಕ್ರಿಲಿಕ್ ಪ್ರೈಮರ್ ಮೇಲೆ ತಿಳಿಬೂದು ಅಕ್ರಿಲಿಕ್ ತಳ ಹಾಕಿ ಪೂರ್ತಿ ಒಣಗಿಸುತ್ತೇನೆ. ಬಟಾಣಿಯಷ್ಟು ಟೈಟಾನಿಯಂ ಬಿಳಿಯನ್ನು ಒಣ ರಟ್ಟಿನ ಮೇಲೆ ಅರ್ಧ ಗಂಟೆ ಬಿಟ್ಟರೆ ಹೆಚ್ಚುವರಿ ಎಣ್ಣೆ ಸುತ್ತ ಹರಡಿಕೊಳ್ಳುತ್ತದೆ; ಬಣ್ಣ ಬೇಗ ಒಣಗುತ್ತದೆ, ಮಿರುಗೂ ತಗ್ಗುತ್ತದೆ. ರಾತ್ರಿಯಿಡೀ ಬಿಟ್ಟರೆ ಅಂಟೇ ಉಳಿಯದೆ, ಒಣಗಿದ ಮೇಲೆ ಬೆರಳಿಗೆ ಪುಡಿ ಬರುತ್ತದೆ. ತೆಳುವಾಗಿಸಲು ವಾಸನೆಯಿಲ್ಲದ ಥಿನ್ನರ್ ಒಂದೆರಡು ಹನಿ ಮಾತ್ರ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಅಂಬರ್ ಕಂದು ಚಿಟಿಕೆಯಷ್ಟು ಬೆರೆಸಿದ ಬಿಳಿ ಪಂಚೆಯ ಮೈಬಣ್ಣ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬಿಳಿಯನ್ನೂ ಬೇಗ ಒಣಗಿಸುತ್ತದೆ, ಜುಲೈ ತಿಂಗಳಲ್ಲಿ ಇದು ದೊಡ್ಡ ಉಪಕಾರ. ಅದೇ ಎರಡು ಬಣ್ಣ ಹೆಚ್ಚಿಸಿ ನೆರಿಗೆಯ ಒಳಗೆ ನೆರಳು ಇಟ್ಟು, ಒಣ ಚಪ್ಪಟೆ ಕುಂಚದಿಂದ ಅಂಚು ಮಿದುವಾಗಿಸುತ್ತೇನೆ. ಶುದ್ಧ ಬಿಳಿ ನೆರಿಗೆಯ ಏಣಿನ ಮೇಲಷ್ಟೇ. ಪಂಚೆ ಪೂರ್ತಿ ಶುದ್ಧ ಬಿಳಿಯಾದರೆ ಹೊಳಪು ತೋರಿಸಲು ಜಾಗವೇ ಉಳಿಯುವುದಿಲ್ಲ.

ತೈಲವರ್ಣ ಒಣಗುವುದು ಗಾಳಿಯ ಆಮ್ಲಜನಕ ಹೀರಿ. ಹಾಗಾಗಿ ಧೂಳಿಗೆ ಹೆದರಿ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅಂಟಂಟಾಗಿಯೇ ಉಳಿಯುತ್ತದೆ. ತೂತು ಕೊರೆದ ಪಾರದರ್ಶಕ ಡಬ್ಬಿಯನ್ನು ನೇರ ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟರೆ ಧೂಳೂ ಬೀಳದು, ಬೆಳಕೂ ಸಿಗುತ್ತದೆ.

ಮಳೆಗಾಲದಲ್ಲಿ ಸ್ಪ್ರೇ ವಾರ್ನಿಶ್ ಹೊಡೆಯುವುದಿಲ್ಲ. ತೇವಕ್ಕೆ ಬಿಳಿ ಮಬ್ಬು ಕೂರುತ್ತದೆ, ಪಂಚೆಯ ಪಕ್ಕದ ಗಾಢ ಬಣ್ಣಗಳಲ್ಲಿ ಎದ್ದು ಕಾಣುತ್ತದೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಮಿರುಗಿಲ್ಲದ ಮ್ಯಾಟ್ ವಾರ್ನಿಶನ್ನು ಕುಂಚದಿಂದ ತೆಳ್ಳಗೆ ಒಮ್ಮೆ ಬಳಿದರೆ ಸಾಕು.