ಹಿತ್ತಿಲ ಕೋಳಿಗೂಡು: ಒಣ ನೆಲ, ಓಡಾಡುವ ಗಾಳಿ

ಹಿತ್ತಿಲಿನಲ್ಲಿ ನಾಲ್ಕಾರು ಕೋಳಿ ಸಾಕಲು ಹೊರಟವರು ಮೊದಲು ಮರಿಗಳನ್ನು ತಂದು ಆಮೇಲೆ ಗೂಡಿನ ಯೋಚನೆ ಮಾಡುವುದುಂಟು. ಗೂಡು ಕಟ್ಟಿ, ಅದು ಒಂದು ಜೋರು ಮಳೆಗಾದರೂ ಸೋರದೆ ನಿಂತದ್ದನ್ನು ನೋಡಿಕೊಂಡ ಮೇಲೆಯೇ ಮರಿಗಳನ್ನು ತರಬೇಕು.

ನೀರು ನಿಲ್ಲದ ಜಾಗವನ್ನು ಆರಿಸಿ, ಗೂಡಿನ ನೆಲವನ್ನು ಮಣ್ಣಿನಿಂದ ಒಂದು ಅಡಿಯಾದರೂ ಎತ್ತರಿಸಬೇಕು. ಕೋಳಿಯೊಂದಕ್ಕೆ ಒಳಗೆ 4 ಚದರ ಅಡಿ, ಹೊರಗೆ ಓಡಾಡಲು 10 ಚದರ ಅಡಿ ಇದ್ದರೆ ಒಂದನ್ನೊಂದು ಕುಕ್ಕುವುದು ಕಡಿಮೆ. ಆರು ಕೋಳಿಗಳಿಗೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು.

ಚಳಿಯಾದೀತೆಂಬ ಕಾಳಜಿಯಿಂದ ಕಿಂಡಿಗಳನ್ನೆಲ್ಲ ಮುಚ್ಚಿಬಿಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಕೋಳಿಗಳ ಉಸಿರಿನಿಂದ ರಾತ್ರಿಯಿಡೀ ತೇವ ಸೇರುತ್ತದೆ, ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ; ಇವೆರಡೂ ಹೊರಹೋಗಲು ದಾರಿಯಿಲ್ಲದಿದ್ದರೆ ಕಣ್ಣು, ಶ್ವಾಸಕೋಶಗಳು ಕೆಡುತ್ತವೆ. ಗರಿ ತುಂಬಿದ ಕೋಳಿ ಚಳಿಯನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ತೇವವನ್ನು ತಾಳಲಾರದು. ಆದ್ದರಿಂದ ಕಿಂಡಿಗಳು ಸೂರಿನ ಕೆಳಗೆ, ಕೋಳಿಗಳು ಮಲಗುವ ಅಡ್ಡಕೋಲಿಗಿಂತ ಮೇಲೆ ಇರಬೇಕು; ಹಾಗಿದ್ದರೆ ಗಾಳಿ ಆಡುತ್ತದೆ, ಮೈಮೇಲೆ ಬೀಸುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದೊಡನೆ ಮಂಡಿಯೂರಿ, ಮೂಗನ್ನು ಕೋಳಿಯ ಎತ್ತರಕ್ಕೆ ತಂದು ನೋಡಿ: ಕಣ್ಣು ಚುರುಗುಟ್ಟಿದರೆ ನೆಲಕ್ಕೆ ಹಾಸಿದ ಮರದ ಹೊಟ್ಟನ್ನು ಅಂದೇ ಬದಲಿಸಬೇಕು. ಮುಷ್ಟಿಯಲ್ಲಿ ಹಿಂಡಿದ ಹೊಟ್ಟು ಉಂಡೆ ಕಟ್ಟದೆ ಉದುರುವಂತಿರಬೇಕು.

ಅಡ್ಡಕೋಲು ಮೊಟ್ಟೆಯ ಪೆಟ್ಟಿಗೆಗಿಂತ ಎತ್ತರದಲ್ಲಿರಲಿ, ಇಲ್ಲವಾದರೆ ಕೋಳಿಗಳು ಪೆಟ್ಟಿಗೆಯಲ್ಲೇ ಮಲಗಿ ಹೊಲಸು ಮಾಡುತ್ತವೆ. ನಾಲ್ಕು ಹೇಂಟೆಗಳಿಗೆ ಒಂದು ಪೆಟ್ಟಿಗೆ ಸಾಕು. ತೆಳು ತಂತಿಯ ಬಲೆ ಕೋಳಿಯನ್ನು ಒಳಗೆ ಇಡಬಲ್ಲದು, ನಾಯಿಯನ್ನು ಹೊರಗೆ ತಡೆಯಲಾರದು. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಹಾಕಿ, ಅದರ ಅಂಚನ್ನು ಒಂದು ಅಡಿ ಆಳಕ್ಕೆ ಹೂಳಬೇಕು.

ಮೊದಲ ವಾರ ಮರಿಗಳಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬಹುದು. ಥರ್ಮಾಮೀಟರಿಗಿಂತ ಮರಿಗಳನ್ನೇ ಗಮನಿಸುವುದು ಒಳ್ಳೆಯದು: ಕಾವಿನ ದೀಪದ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡು ಚೀರುತ್ತಿದ್ದರೆ ಚಳಿ, ಮೂಲೆಗೆ ಸರಿದು ಕೊಕ್ಕು ತೆರೆದು ಏದುತ್ತಿದ್ದರೆ ಸೆಕೆ. ಕೋಳಿಗಳಲ್ಲಿ ಬೇಗ ಹರಡಿ ಕೊಲ್ಲುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಯಾವ ದಿನ ಹಾಕಿಸಬೇಕೆಂದು ಪಶುವೈದ್ಯರನ್ನು ಕೇಳಿಕೊಳ್ಳುವುದನ್ನು ಮರೆಯಬಾರದು.

ಐದಾರು ತಿಂಗಳಿಗೆ ಮೊಟ್ಟೆ ಆರಂಭವಾಗುತ್ತದೆ. ಅದಕ್ಕೆ ಹುಂಜ ಬೇಕೇ ಬೇಕೆಂದಿಲ್ಲ, ಮರಿ ಮಾಡಿಸುವುದಿದ್ದರೆ ಮಾತ್ರ ಬೇಕು. ಮೊಟ್ಟೆಯಿಡುವ ಕೋಳಿ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಬೇರೊಂದು ಬಟ್ಟಲಿನಲ್ಲಿ ಕಪ್ಪೆಚಿಪ್ಪಿನ ಪುಡಿ ಇಟ್ಟರೆ ಸುಣ್ಣದಂಶ ಬೇಕಾದದ್ದು ತಾನೇ ತಿಂದುಕೊಳ್ಳುತ್ತದೆ. ನೀರು ಮಾತ್ರ ಒಂದು ಗಳಿಗೆಯೂ ಬತ್ತಬಾರದು.

ಮೊಟ್ಟೆ ಹಠಾತ್ತನೆ ಕಡಿಮೆಯಾಗಿ ಕೋಳಿಯ ಜುಟ್ಟು ಬಿಳಿಚಿಕೊಂಡರೆ, ರಾತ್ರಿ ಟಾರ್ಚ್ ಹಿಡಿದು ಅಡ್ಡಕೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಕಲೆ ಹತ್ತಿದರೆ ರಕ್ತ ಹೀರುವ ನುಸಿ ಸೇರಿದೆ ಎಂದರ್ಥ. ಕೋಲುಗಳನ್ನು ಕಳಚಿ, ಸಂದುಗೊಂದುಗಳಿಗೆಲ್ಲ ಕುದಿಯುವ ನೀರು ಹೊಯ್ದು ತೊಳೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಯೇ ಮತ್ತೆ ಜೋಡಿಸಬೇಕು. ವಾರ ಬಿಟ್ಟು ಮತ್ತೊಮ್ಮೆ ಒರೆಸಿ ನೋಡಿ.