ಮಲ್ಲಾಪುರ ಕೆರೆಯ ನೀರನ್ನು ವರ್ಷವಿಡೀ ಅಳೆಯುವುದು ಹೇಗೆ?

ಚಿತ್ರದುರ್ಗದ ಅಂಚಿನಲ್ಲಿರುವ ಮಲ್ಲಾಪುರ ಕೆರೆಗೆ ನಗರದ ಚರಂಡಿ ನೀರು ಸೇರುತ್ತಿದೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಆದರೆ ಯಾವ ತಿಂಗಳಲ್ಲಿ ನೀರು ಹೆಚ್ಚು ಕೆಡುತ್ತದೆ, ಮಳೆ ಬಂದಾಗ ಎಷ್ಟು ಸುಧಾರಿಸುತ್ತದೆ, ನೀರಿನೊಳಗಿನ ಜೀವಿಗಳಿಗೆ ಉಸಿರಾಡಲು ಏನು ಉಳಿದಿದೆ ಎಂಬ ಪ್ರಶ್ನೆಗಳಿಗೆ ಅಳತೆಯ ದಾಖಲೆಯಿಂದ ಮಾತ್ರ ಉತ್ತರ ಸಿಗುತ್ತದೆ. ವಿಜ್ಞಾನ ಕಾಲೇಜಿನ ಒಂದು ಪ್ರಯೋಗಾಲಯ, ಒಬ್ಬ ಆಸಕ್ತ ಅಧ್ಯಾಪಕರು ಮತ್ತು ಐದಾರು ವಿದ್ಯಾರ್ಥಿಗಳಿದ್ದರೆ ಈ ದಾಖಲೆಯನ್ನು ಕಟ್ಟಬಹುದು. ಅದಕ್ಕೆ ಬೇಕಾದ ಮೊದಲ ಶಿಸ್ತು ಒಂದೇ: ಪ್ರತಿ ಸಲವೂ ಅದೇ ಜಾಗ, ಅದೇ ಹೊತ್ತು, ಅದೇ ವಿಧಾನ.

ಜಾಗ ಗೊತ್ತುಮಾಡುವುದು

ಕೆರೆ ಯಾವ ಸಂಸ್ಥೆಯ ಸುಪರ್ದಿಯಲ್ಲಿದೆಯೋ ಅಲ್ಲಿಂದ ಲಿಖಿತ ಅನುಮತಿ ಪಡೆದ ಮೇಲೆ ಕೆರೆಯನ್ನು ಒಂದು ಸುತ್ತು ನಡೆದು ನೋಡಬೇಕು. ಚರಂಡಿ ನೀರು ಒಳಬರುವ ಕಡೆ ಒಂದು, ತೂಬಿನ ಬಳಿ ಒಂದು, ಕೋಡಿಯ ಸಮೀಪ ಒಂದು, ಹೀಗೆ ಕನಿಷ್ಠ ಮೂರು ಬಿಂದುಗಳನ್ನು ಆರಿಸಿ, ಫೋನಿನಲ್ಲಿ ಅವುಗಳ ಅಕ್ಷಾಂಶ ರೇಖಾಂಶಗಳನ್ನು ಗುರುತು ಹಾಕಿಕೊಳ್ಳಬೇಕು. ಹೋಲಿಕೆಗಾಗಿ ಬೇರೊಂದು ಕೆರೆಯೂ ಬೇಕು. ಗುಡ್ಡಗಳ ನಡುವೆ ಇರುವ ಚಂದ್ರವಳ್ಳಿ ಕೆರೆ ಇದಕ್ಕೆ ಒದಗುತ್ತದೆ, ಕ್ರಿ.ಶ. 4ನೇ ಶತಮಾನದ ಕದಂಬ ಮಯೂರಶರ್ಮನ ಶಾಸನದಲ್ಲಿ ಕೆರೆಯ ಉಲ್ಲೇಖವಿರುವ ಜಾಗವದು. ಎರಡೂ ಕೆರೆಗಳ ಮೇಲೆ ಅದೇ ಬಿಸಿಲು, ಹೆಚ್ಚುಕಡಿಮೆ ಅದೇ ಮಳೆ. ಆದ್ದರಿಂದ ಎರಡರಲ್ಲೂ ಒಟ್ಟಿಗೆ ಕಾಣುವ ಏರಿಳಿತವನ್ನು ಹವೆಯ ಪರಿಣಾಮವೆಂದೂ, ಮಲ್ಲಾಪುರದಲ್ಲಿ ಮಾತ್ರ ಕಾಣುವುದನ್ನು ಆ ಕೆರೆಯ ಸುತ್ತಲಿನ ಕಾರಣದ್ದೆಂದೂ ಶಂಕಿಸಲು ಆಧಾರ ದೊರೆಯುತ್ತದೆ.

ನೀರಿನ ಮಟ್ಟವನ್ನು ಗುರುತಿಸುವ ಕೆಲಸವನ್ನು ಹಲವರು ಬಿಟ್ಟುಬಿಡುತ್ತಾರೆ, ಬಿಡಬಾರದು. ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಸೆಂಟಿಮೀಟರ್ ಗೆರೆಗಳನ್ನು ಎಳೆದರೆ ಸಾಕು. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ನೀರು ಆವಿಯಾಗಿ ಕೆರೆ ಇಳಿದಂತೆ ಉಳಿದ ನೀರಿನಲ್ಲಿ ಲವಣದ ಸಾಂದ್ರತೆ ತಾನಾಗಿಯೇ ಏರುತ್ತದೆ, ವಿದ್ಯುತ್ ವಾಹಕತೆಯ ಮಾಪಕವೂ ಹೆಚ್ಚಿನ ಅಂಕಿಯನ್ನೇ ತೋರಿಸುತ್ತದೆ. ಮಟ್ಟದ ದಾಖಲೆ ಇಲ್ಲದಿದ್ದರೆ ಈ ಏರಿಕೆಯನ್ನು ಹೊಸ ಮಾಲಿನ್ಯವೆಂದು ತಪ್ಪಾಗಿ ತಿಳಿಯುವ ಅಪಾಯವಿದೆ.

ಆಮ್ಲಜನಕದ ಲೆಕ್ಕ

ಎಲ್ಲ ಅಳತೆಗಳಲ್ಲಿ ಕೆರೆಯ ಸ್ಥಿತಿಯನ್ನು ಅತಿ ಹೆಚ್ಚು ತಿಳಿಸುವುದು ನೀರಿನಲ್ಲಿ ಕರಗಿದ ಆಮ್ಲಜನಕದ ಪ್ರಮಾಣವೆಂದು ನನ್ನ ಅಭಿಪ್ರಾಯ. ಅತಿ ಸುಲಭವಾಗಿ ದಾರಿ ತಪ್ಪಿಸುವುದೂ ಅದೇ. ಚರಂಡಿಯ ಪೋಷಕಾಂಶಗಳಿಂದ ಹಸಿರು ಪಾಚಿ ದಟ್ಟವಾಗಿ ಬೆಳೆದ ಕೆರೆಯಲ್ಲಿ ಹಗಲಿಡೀ ದ್ಯುತಿಸಂಶ್ಲೇಷಣೆ ನಡೆಯುವುದರಿಂದ ಮಧ್ಯಾಹ್ನ ಮೂರು ಗಂಟೆಗೆ ಆಮ್ಲಜನಕ ಬೇಕಾದ್ದಕ್ಕಿಂತ ಹೆಚ್ಚೇ ಕಾಣಿಸಬಹುದು. ಅದೇ ಪಾಚಿಯೂ ಬ್ಯಾಕ್ಟೀರಿಯಾಗಳೂ ರಾತ್ರಿಯಿಡೀ ಉಸಿರಾಡುವುದರಿಂದ ನಸುಕಿನಲ್ಲಿ ಅದು ಶೂನ್ಯದ ಹತ್ತಿರಕ್ಕೆ ಇಳಿದಿರಬಹುದು. ಕೆರೆಗಳಲ್ಲಿ ಮೀನುಗಳು ಬಹಳ ಸಲ ಬೆಳಗಿನ ಜಾವದಲ್ಲೇ ಸತ್ತು ತೇಲುವುದಕ್ಕೆ ಇದೇ ಕಾರಣ. ಹಾಗಾಗಿ ಸೂರ್ಯೋದಯಕ್ಕೆ ಮುನ್ನ ಒಮ್ಮೆ, ಅದೇ ದಿನ ಮಧ್ಯಾಹ್ನ ಇನ್ನೊಮ್ಮೆ ಅಳೆದು ಎರಡರ ಅಂತರವನ್ನು ಬರೆದಿಡಬೇಕು. ಅಂತರ ದೊಡ್ಡದಿದ್ದಷ್ಟೂ ಕೆರೆ ಪೋಷಕಾಂಶಗಳ ಹೊರೆಯಲ್ಲಿ ನರಳುತ್ತಿದೆ ಎಂದು ಶಂಕಿಸಬೇಕು. ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರುವುದರಿಂದ ಮಧ್ಯಾಹ್ನ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಕೂಡ ಮೇಲೇರುತ್ತದೆ; ಅದನ್ನೂ ಎರಡೂ ಹೊತ್ತಿನಲ್ಲಿ ನೋಡುವುದು ಒಳ್ಳೆಯದು.

ದುಬಾರಿ ಮಾಪಕವಿಲ್ಲದ ಕಾಲೇಜುಗಳು ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ರೂಪಿಸಿದ ವಿಧಾನವನ್ನೇ ಬಳಸಬಹುದು. ನೀರನ್ನು ಬಕೆಟ್‌ನಿಂದ ಸುರಿದರೆ ಗಾಳಿ ಬೆರೆತು ಫಲಿತಾಂಶ ಕೆಡುತ್ತದೆ. ಆದ್ದರಿಂದ ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರ್ ಆಳದ ನೀರನ್ನು ಸಣ್ಣ ಕೊಳವೆಯ ಮೂಲಕ 300 ಮಿಲಿಲೀಟರ್ ಗಾಜಿನ ಬಾಟಲಿಯ ತಳಕ್ಕೆ ಇಳಿಸಿ, ಉಕ್ಕಿ ಹರಿಯುವವರೆಗೆ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಬೇಕು. ಮ್ಯಾಂಗನಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್ ದ್ರಾವಣಗಳನ್ನು ಕೆರೆಯ ದಡದಲ್ಲೇ ಸೇರಿಸಬೇಕು. ಆಮ್ಲಜನಕವಿದ್ದರೆ ಕಂದು ಬಣ್ಣದ ಗಷ್ಟು ಕೆಳಗಿಳಿಯುತ್ತದೆ. ಅದು ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲವೆಂದೇ ತಿಳಿಯಬೇಕು. ಗಂಧಕಾಮ್ಲ ಹಾಕುವುದು, ಪಿಷ್ಟದ ನೀಲಿ ಬಣ್ಣ ಮಾಯವಾಗುವವರೆಗೆ ಸೋಡಿಯಂ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡುವುದು ಇವೆರಡೂ ಪ್ರಯೋಗಾಲಯದಲ್ಲಿ, ಅಧ್ಯಾಪಕರ ಕಣ್ಣೆದುರು ಆಗಬೇಕು.

ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆ ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ 'ಡಿ' ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಪಿಎಚ್ 6.5ರಿಂದ 8.5ರೊಳಗಿರಬೇಕು. ನಸುಕಿನ ಅಂಕಿಯನ್ನು ಈ 4ರ ಎದುರಿಗಿಟ್ಟು ನೋಡಿ.

ತಿಳಿ, ಕಳೆ, ಹಕ್ಕಿ

ನೀರಿನ ತಿಳಿಯನ್ನು ಅಳೆಯಲು 20 ಸೆಂಟಿಮೀಟರ್ ವ್ಯಾಸದ, ಕಪ್ಪು ಬಿಳುಪು ಬಣ್ಣ ಬಳಿದ ಸೆಕ್ಕಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಿ, ಅದು ಮರೆಯಾದ ಆಳ ಮತ್ತು ಮೇಲೆತ್ತುವಾಗ ಮತ್ತೆ ಕಂಡ ಆಳಗಳ ಸರಾಸರಿಯನ್ನು ಬರೆದುಕೊಳ್ಳಬೇಕು. ಅಂತರಗಂಗೆ ಮತ್ತು ಜೊಂಡು ಎಷ್ಟು ಹಬ್ಬಿವೆ ಎಂಬುದಕ್ಕೆ ಏರಿಯ ಮೇಲಿನ ಗೊತ್ತಾದ ಕಲ್ಲಿನಿಂದ ತಿಂಗಳಿಗೊಮ್ಮೆ ತೆಗೆದ ಫೋಟೊ ಸಾಕಾಗುತ್ತದೆ.

ಹಕ್ಕಿಗಳ ಎಣಿಕೆಯನ್ನು ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆಯೊಳಗೆ, ಒಂದೇ ಜಾಗದಲ್ಲಿ ನಿಂತು ಮಾಡಬೇಕು. 1987ರಿಂದ ನಡೆದುಬಂದಿರುವ ಏಷ್ಯಾ ನೀರುಹಕ್ಕಿಗಳ ಗಣತಿ ಜನವರಿಯಲ್ಲಿ ಬರುವುದರಿಂದ ಆ ತಿಂಗಳ ಎಣಿಕೆಯನ್ನು ತಪ್ಪಿಸಬಾರದು. ಆದರೆ ಹಕ್ಕಿ ಹೆಚ್ಚಿದ ಮಾತ್ರಕ್ಕೆ ನೀರು ಶುದ್ಧವೆಂದು ತೀರ್ಮಾನಿಸುವಂತಿಲ್ಲ. ಮೆಟ್ಟುಗಾಲು ಹಕ್ಕಿಯಂಥವು ಚರಂಡಿ ನೀರು ಹರಡಿದ ತೆಳು ಕೆಸರಿನಲ್ಲಿಯೂ ಹುಳ ಹೆಕ್ಕುತ್ತವೆ. ಗುಳುಮುಳುಕದಂತೆ ಮುಳುಗಿ ಬೇಟೆಯಾಡುವ ಹಕ್ಕಿಗಳಿಗೆ ಆಳದ ನೀರೂ ಅದರಲ್ಲಿ ಸಣ್ಣ ಮೀನು ಹುಳುಗಳೂ ಬೇಕು. ಒಟ್ಟು ಸಂಖ್ಯೆಯ ಜೊತೆಗೆ ಯಾವ ಜಾತಿ ಎಷ್ಟಿತ್ತು, ಏನು ಮಾಡುತ್ತಿತ್ತು ಎಂಬುದನ್ನೂ ಬರೆಯುವುದು ಇದಕ್ಕಾಗಿ.

ಚರಂಡಿ ಬೆರೆತ ನೀರಿಗೆ ಯಾರೂ ಇಳಿಯಕೂಡದು. ರಬ್ಬರ್ ಕೈಗವಸು ಧರಿಸಿ, ಇಬ್ಬರಿಗಿಂತ ಕಡಿಮೆ ಜನ ಹೋಗದೆ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ಪ್ರತಿ ಭೇಟಿಯ ದಿನಾಂಕ, ಗಂಟೆ, ನೀರಿನ ಉಷ್ಣತೆ, ಹಿಂದಿನ ವಾರದ ಮಳೆ, ಅಳೆದವರ ಹೆಸರು ಇವಿಷ್ಟೂ ಒಂದೇ ಪುಸ್ತಕದಲ್ಲಿ ಇರಲಿ. ಅನುಮಾನ ಬಂದ ಅಂಕಿಯನ್ನು ಅಳಿಸದೆ ಪಕ್ಕದಲ್ಲಿ ಕಾರಣ ಬರೆಯಿರಿ. ಮಳೆಗಾಲವೂ ಬೇಸಿಗೆಯೂ ಸೇರಿ ಒಂದು ಪೂರ್ತಿ ವರ್ಷ ತುಂಬಿದ ಮೇಲೆ ಎರಡೂ ಕೆರೆಗಳ ತಿಂಗಳವಾರು ಅಂಕಿಗಳನ್ನು ಅಕ್ಕಪಕ್ಕ ಜೋಡಿಸಿ ನಗರಸಭೆಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಸಲ್ಲಿಸಬೇಕು, ಮತ್ತು ಅವೇ ಬಿಂದುಗಳಲ್ಲಿ, ನಸುಕಿನ ಅದೇ ಹೊತ್ತಿನಲ್ಲಿ ಮಾದರಿ ತೆಗೆದು ಮರುಪರೀಕ್ಷೆ ಮಾಡುವಂತೆ ಮನವಿಯಲ್ಲಿ ಸ್ಪಷ್ಟವಾಗಿ ಕೇಳಬೇಕು.